ಮೂತ್ರಪಿಂಡದ ಆರೋಗ್ಯ ಮತ್ತು ಮನೆಮದ್ದಿನ ಗಿಡಮೂಲಿಕೆಗಳು

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದ ಸುತ್ತಲಿನ ಗ್ರಾಮಗಳು ಮಳೆ ಕಡಿಮೆ ಬೀಳುವ ಬಯಲುಸೀಮೆಗೆ ಸೇರಿದವು. ಬಿಸಿಲಿನಲ್ಲಿ ದುಡಿಯುವವರು ಬೆವರಿಗೆ ತಕ್ಕಷ್ಟು ನೀರು ಕುಡಿಯದಿದ್ದಲ್ಲಿ ಉರಿಮೂತ್ರ ಮತ್ತು ಮೂತ್ರಕೋಶದ ಕಲ್ಲಿನ ತೊಂದರೆ ಕಾಣಿಸಿಕೊಳ್ಳುತ್ತದೆ. ಇದಕ್ಕೆ ನೆಗ್ಗಿಲುಮುಳ್ಳಿನ ಕಷಾಯ, ಕೊಮ್ಮೆ ಸೊಪ್ಪು, ಬಾಳೆದಿಂಡು, ಹುರುಳಿ ಕಟ್ಟಿನ ಸಾರು ಮನೆಮದ್ದಾಗಿ ಬಳಕೆಯಲ್ಲಿವೆ. ಆಯುರ್ವೇದವು ನೆಗ್ಗಿಲನ್ನು ಗೋಕ್ಷುರವೆಂದೂ ಕೊಮ್ಮೆಯನ್ನು ಪುನರ್ನವವೆಂದೂ ಕರೆದು, ಮೂತ್ರವನ್ನು ಸರಾಗಗೊಳಿಸುವ ದ್ರವ್ಯಗಳಲ್ಲಿ ಗಣಿಸಿದೆ.

ಆರೋಗ್ಯವಂತರು ಇವುಗಳನ್ನು ಆಹಾರದ ಪ್ರಮಾಣದಲ್ಲಿ ಸೇವಿಸುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೆ ಮೂತ್ರಪಿಂಡವು ಈಗಾಗಲೇ ದುರ್ಬಲಗೊಂಡವರ ವಿಷಯ ಬೇರೆ. ಸೊಪ್ಪು, ಬಾಳೆದಿಂಡು, ಎಳನೀರು ಇವೆಲ್ಲದರಲ್ಲಿಯೂ ಪೊಟ್ಯಾಸಿಯಂ ಹೇರಳವಾಗಿದೆ. ಕೊಮ್ಮೆಯಲ್ಲಿಯೂ ಪೊಟ್ಯಾಸಿಯಂ ಲವಣಗಳಿವೆ. ದುರ್ಬಲ ಮೂತ್ರಪಿಂಡವು ಅದನ್ನು ಹೊರಹಾಕಲಾರದು. ರಕ್ತದಲ್ಲಿ ಅದರ ಪ್ರಮಾಣ ಏರಿದರೆ ಹೃದಯದ ಬಡಿತವೇ ನಿಲ್ಲಬಹುದು. ತೆಂಗಿನ ತೋಟಗಳ ಈ ತಾಲ್ಲೂಕಿನಲ್ಲಿ ಎಳನೀರು ಎಲ್ಲ ಕಾಯಿಲೆಗೂ ಒಳ್ಳೆಯದೆಂಬ ನಂಬಿಕೆ ಇರುವುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಕಾಲು, ಮುಖ ಊದಿಕೊಂಡವರಿಗೆ ನೆರೆಹೊರೆಯವರು ಕಷಾಯ ಸೂಚಿಸುವ ಮುನ್ನ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ನಡೆಯುವುದು ಅವಶ್ಯ.

ದಂಟಿನ ಸೊಪ್ಪು, ಪಾಲಕ್ ಮುಂತಾದವುಗಳಲ್ಲಿ ಆಕ್ಸಲೇಟ್ ಅಧಿಕ. ಕಲ್ಲಿನ ತೊಂದರೆ ಇರುವವರು ಸೊಪ್ಪನ್ನು ಬೇಯಿಸಿ ನೀರು ಬಸಿದು, ಮೊಸರಿನೊಡನೆ ಮಿತವಾಗಿ ಉಣ್ಣುವುದು ಲೇಸು. ಮೊಸರಿನ ಕ್ಯಾಲ್ಸಿಯಂ ಆಕ್ಸಲೇಟನ್ನು ಕರುಳಿನಲ್ಲಿಯೇ ಹಿಡಿದಿಡುತ್ತದೆ. ಬಸಿದ ನೀರಿನೊಡನೆ ಪೊಟ್ಯಾಸಿಯಂ ಸಹ ಬಹುಪಾಲು ಹೋಗುವುದರಿಂದ ಬಸ್ಸಾರು ಮೂತ್ರಪಿಂಡದ ರೋಗಿಗಳಿಗೆ ತಕ್ಕುದಲ್ಲ. ಕೇರಳದಲ್ಲಿ ಬಿಂಬುಳಿಯ ರಸವನ್ನು ಕೊಬ್ಬು ಕರಗಿಸಲೆಂದು ಹೆಚ್ಚಾಗಿ ಕುಡಿದವರಿಗೆ ಆಕ್ಸಲೇಟಿನಿಂದಲೇ ಮೂತ್ರಪಿಂಡ ವೈಫಲ್ಯ ಉಂಟಾದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ.

ಈಶ್ವರಬಳ್ಳಿಯ ಬೇರನ್ನಂತೂ ಮನೆಮದ್ದಾಗಿ ಸೇವಿಸಲೇಬಾರದು. ಆ ಬಳ್ಳಿಯ ಜಾತಿಯ ಸಸ್ಯಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವು ಮೂತ್ರಪಿಂಡವನ್ನು ಶಾಶ್ವತವಾಗಿ ಕೆಡಿಸಿ, ಮೂತ್ರನಾಳದ ಕ್ಯಾನ್ಸರಿಗೂ ಕಾರಣವಾಗುತ್ತದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂ ದೇಶದಲ್ಲಿ ತೂಕ ಇಳಿಸುವ ಗಿಡಮೂಲಿಕೆ ಮಾತ್ರೆ ಸೇವಿಸಿದ ಅನೇಕ ಮಹಿಳೆಯರು ಮೂತ್ರಪಿಂಡ ಕಳೆದುಕೊಂಡದ್ದು ಈ ಆಮ್ಲದಿಂದಲೇ. ಸಂತೆ, ಜಾತ್ರೆಗಳಲ್ಲಿ ಪೊಟ್ಟಣ ಕಟ್ಟಿ ಮಾರುವ ಪುಡಿಗಳ ಮೇಲೆ ತಯಾರಕರ ಹೆಸರು, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಇಲ್ಲದಿದ್ದರೆ ಅವು ಔಷಧವೆಂದು ಮಾರಲು ಅರ್ಹವಲ್ಲ.

ಮೂತ್ರಪಿಂಡ ಕೆಡುವುದಕ್ಕೆ ಮುಖ್ಯ ಕಾರಣಗಳು ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ. ಕಿರಾಣಿ ಅಂಗಡಿಯಿಂದ ದಿನವೂ ತಂದು ನುಂಗುವ ನೋವಿನ ಮಾತ್ರೆಯೂ ಹಾನಿಕರ. ಯಾವ ಸೊಪ್ಪೂ ಈ ರೋಗಗಳ ಔಷಧಿಗೆ ಬದಲಿಯಾಗದು. 30 ವರ್ಷ ಮೀರಿದವರಿಗೆ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಇವೆರಡರ ತಪಾಸಣೆ ಉಚಿತವಾಗಿದ್ದು, ಗ್ರಾಮಸಭೆಯ ದಿನವೇ ಆಶಾ ಕಾರ್ಯಕರ್ತೆಯರ ನೆರವಿನಿಂದ ಅದನ್ನು ಏರ್ಪಡಿಸಬಹುದು. ಡಯಾಲಿಸಿಸ್ ಹಂತ ತಲುಪಿದ ಬಡ ಕುಟುಂಬಗಳಿಗೆ 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಉಚಿತ ಸೇವೆ ದೊರೆಯುತ್ತದೆ.

ಊರಿನ ನೆಗ್ಗಿಲು, ಕೊಮ್ಮೆಗಳ ಬಳಕೆಯ ತಿಳಿವಳಿಕೆಯನ್ನು 2002ರ ಜೀವವೈವಿಧ್ಯ ಕಾಯ್ದೆಯಂತೆ ರಚಿತವಾದ ಪಂಚಾಯಿತಿ ಮಟ್ಟದ ಜೀವವೈವಿಧ್ಯ ನಿರ್ವಹಣಾ ಸಮಿತಿಯು ಹಿರಿಯರಿಂದ ಕೇಳಿ ದಾಖಲಿಸಬಹುದು. ಕಳೆನಾಶಕ ಸಿಂಪಡಿಸಿದ ಬದುಗಳಿಂದ ಕಿತ್ತ ಸೊಪ್ಪನ್ನು ಅಡುಗೆಗೆ ಬಳಸಬಾರದೆಂಬ ಸೂಚನೆಯನ್ನೂ ಅದರಲ್ಲಿ ಸೇರಿಸತಕ್ಕದ್ದು.