ಲಾಲ್‌ಬಾಗಿನ ಪಾಠವೂ ನಮ್ಮ ಹಿತ್ತಲ ಚಕ್ಕೋತವೂ

ಆವತಿಯ ಕಡೆಯ ಕುಟುಂಬಗಳು ಫಲಪುಷ್ಪ ಪ್ರದರ್ಶನಕ್ಕಾಗಿ ಬೆಂಗಳೂರಿನ ಲಾಲ್‌ಬಾಗಿಗೆ ಹೋಗಿಬರುವುದುಂಟು. 1760ರಲ್ಲಿ ಹೈದರಾಲಿಯು ಆರಂಭಿಸಿದ ಈ ತೋಟದಲ್ಲಿ ದೂರದೇಶಗಳ ಗಿಡಮರಗಳನ್ನು ತಂದು ಕಾಪಾಡಿರುವರು. ಅದನ್ನು ಕಂಡು ಮೆಚ್ಚುವ ನಾವು ಸ್ವಂತ ಸೀಮೆಯ ಮರವನ್ನು ಕಳೆದುಕೊಳ್ಳುವುದು ಉಚಿತವೇ?

ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯುಂಟು. ಆದರೆ 2008ರಲ್ಲಿ ವಿಮಾನ ನಿಲ್ದಾಣವು ತೆರೆದಮೇಲೆ ಭೂಮಿಯ ಬೆಲೆಯೇರಿ, ತೋಟಗಳು ನಿವೇಶನಗಳಾಗಿ, ಹಳೆಯ ಮರಗಳು ವಿರಳವಾಗಿವೆ. ಬೀಜದ ಸಸಿಯಲ್ಲಿ ತಾಯಿಮರದ ಗುಣವು ತಪ್ಪದೆ ಬರುವುದೆಂಬ ನಂಬಿಕೆಯಿಲ್ಲ. ಆದುದರಿಂದ ಒಳ್ಳೆಯ ಮರವೊಂದನ್ನು ಕಡಿದರೆ ಅದರ ರುಚಿಯೂ ಹೋದಂತೆಯೇ ಸರಿ.

ಸಿಹಿಯಾದ ಹಣ್ಣು ಕೊಡುವ ಮರವನ್ನು ಗುರುತಿಸಿ, ಮಳೆಗಾಲದಲ್ಲಿ ಅದರ ಕೊಂಬೆಗಳಿಗೆ ಗೂಟಿ ಕಟ್ಟಿಸಿ ಸಸಿ ಮಾಡತಕ್ಕದ್ದು. ಉದ್ದ, ಅಗಲ, ಆಳಗಳಲ್ಲಿ 3 ಅಡಿಯ ಗುಂಡಿಗೆ ಮೇಲ್ಮಣ್ಣನ್ನೂ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ತುಂಬಿ ನೆಡಬೇಕು. ನೀರು ಬುಡಕ್ಕೆ ತಗಲಿ ನಿಂತರೆ ತೊಗಟೆ ಕೊಳೆತು ಅಂಟು ಸೋರುವುದು. ಆದಕಾರಣ ಬುಡಕ್ಕೆ ಮಣ್ಣೇರಿಸಿ, ಪಾತಿಯನ್ನು ಸುತ್ತಲೂ ದೂರದಲ್ಲಿ ಮಾಡುವುದು.

ಗ್ರಾಮದ ಮುಖಂಡರೂ ಜಮೀನುದಾರರೂ ತಮ್ಮ ಹಿತ್ತಲಿನಲ್ಲಿ ತಲಾ ಒಂದು ಗಿಡವನ್ನು ಮಕ್ಕಳ ಕೈಯಿಂದ ನೆಡಿಸಿದರೆ ಊರಿನವರೂ ಅನುಸರಿಸುವರು. ಹಾಗಾದಲ್ಲಿ ಈ ತಳಿಯು ಮುಂದಿನವರಿಗೂ ದೊರೆಯುವುದು.