ಘಟ್ಟ ಇಳಿಯುವ ಮೋಟಾರು ಮನೆ

ಮಲಗಲು ಮಂಚ, ಅಡಿಗೆಗೆ ಒಲೆ, ನೀರಿನ ತೊಟ್ಟಿ, ಇವೆಲ್ಲವನ್ನೂ ಹೊತ್ತುಕೊಂಡು ಓಡುವ ಗಾಡಿಗೆ ಹೊರದೇಶಗಳಲ್ಲಿ ಮೋಟಾರ್‌ಹೋಮ್ ಎನ್ನುತ್ತಾರೆ. ನಾವು ಮೋಟಾರು ಮನೆ ಎನ್ನೋಣ. ನಮ್ಮ ವಾಚನಾಲಯಕ್ಕೆ ಬರುವ ಹಿರಿಯರಲ್ಲಿ ಕೆಲವರ ಮಕ್ಕಳು ಜರ್ಮನಿ, ಆಸ್ಟ್ರಿಯಾಗಳ ಕಡೆ ಕೆಲಸದಲ್ಲಿದ್ದಾರೆ. ಬೇಸಿಗೆಯಲ್ಲಿ ತಂದೆತಾಯಿಗಳು ಹೋದಾಗ ಇಂಥ ಗಾಡಿಯೊಂದನ್ನು ಬಾಡಿಗೆಗೆ ಹಿಡಿದು ಆಲ್ಪ್ಸ್ ಪರ್ವತಗಳನ್ನು ತೋರಿಸುವುದುಂಟು. ಹೊರಡುವ ಮೊದಲು ಅವರು ಕೇಳುವ ಪ್ರಶ್ನೆ, “ಅಷ್ಟು ದೊಡ್ಡ ಗಾಡಿ ಬೆಟ್ಟ ಹತ್ತೀತೇ?” ಎಂದು. ನಿಧಾನವಾಗಿಯಾದರೂ ಹತ್ತುತ್ತದೆ. ಇಳಿಯುವುದು ಹೇಗೆಂದು ಯಾರೂ ಕೇಳುವುದಿಲ್ಲ. ಅಪಾಯವಿರುವುದು ಅಲ್ಲಿ.

ಆಸ್ಟ್ರಿಯಾದ ಗ್ರೋಸ್‌ಗ್ಲಾಕ್ನರ್ ರಸ್ತೆಯನ್ನೇ ತೆಗೆದುಕೊಳ್ಳಿ. 3798 ಮೀಟರ್ ಎತ್ತರದ, ಆ ದೇಶದ ಅತ್ಯುನ್ನತ ಶಿಖರದ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಫ್ರಾಂಟ್ಸ್ ವಾಲಾಕ್ ಎಂಬ ಇಂಜಿನಿಯರರ ಯೋಜನೆಯಂತೆ 1930ರಲ್ಲಿ ಕೆಲಸ ಮೊದಲಾಗಿ, 1935ರ ಆಗಸ್ಟಿನಲ್ಲಿ ರಸ್ತೆ ಸಂಚಾರಕ್ಕೆ ತೆರೆಯಿತು. ಉದ್ದ ಸುಮಾರು 48 ಕಿಲೋಮೀಟರು, ಹೇರ್‌ಪಿನ್ ತಿರುವುಗಳು 36. ನಮ್ಮ ಆಗುಂಬೆ ಘಾಟಿಯಲ್ಲಿರುವುದು 14. ತೀರ ಕಡಿದಾದ ಕಡೆ ನೂರು ಅಡಿ ಮುಂದೆ ಹೋದರೆ ಹನ್ನೆರಡು ಅಡಿ ಮೇಲೇರಿರುತ್ತೇವೆ. 2504 ಮೀಟರ್ ಎತ್ತರದ ಹೋಖ್‌ಟೋರ್ ಎಂಬಲ್ಲಿ ಸುರಂಗವೊಂದನ್ನು ದಾಟಿದ ಮೇಲೆ ದಕ್ಷಿಣಕ್ಕೆ ಹೈಲಿಗೆನ್‌ಬ್ಲೂಟ್ ಹಳ್ಳಿಯವರೆಗೆ ಸುಮಾರು 1200 ಮೀಟರ್ ಇಳಿಯಬೇಕು.

ಗಿರಣಿಯ ಗೇಟಿನ ಕಾಟಾದ ಮೇಲೆ ಹತ್ತಿಯ ಲಾರಿಗಳು ನಿಂತಾಗ ತೂಕ ಬರೆದುಕೊಳ್ಳುವುದು ನನ್ನ ದಿನದ ಕೆಲಸ. ಆದುದರಿಂದ ಈ ಗಾಡಿಯನ್ನೂ ತೂಗಿ ನೋಡುವ ಚಪಲ. ಯುರೋಪಿನ ಬಹಳಷ್ಟು ಮೋಟಾರು ಮನೆಗಳಿಗೆ ಜನ, ಸಾಮಾನು ಎಲ್ಲ ಸೇರಿ 3500 ಕಿಲೋದ ಮಿತಿಯುಂಟು. ಖಾಲಿ ಗಾಡಿಯೇ 3000 ಕಿಲೋ ಎಂದಿಟ್ಟುಕೊಳ್ಳಿ. ನಾಲ್ಕು ಜನಕ್ಕೆ 280, ನೂರು ಲೀಟರ್ ನೀರಿಗೆ 100. ಉಳಿದ 120 ಕಿಲೋದಲ್ಲಿ ಗ್ಯಾಸ್ ಸಿಲಿಂಡರು, ಹಾಸಿಗೆ, ಪೆಟ್ಟಿಗೆ, ಅಕ್ಕಿ ಬೇಳೆ, ಊರಿನಿಂದ ತಂದ ಉಪ್ಪಿನಕಾಯಿ ಜಾಡಿ ಎಲ್ಲ ಹಿಡಿಯಬೇಕು. ಹಿಡಿಯುವುದಿಲ್ಲ! ನೀರನ್ನು ತೊಟ್ಟಿಯ ತುಂಬ ಹೊತ್ತು ಬೆಟ್ಟ ಹತ್ತಬೇಕಾಗಿಲ್ಲ. ತಂಗುವ ಊರಿನಲ್ಲಿ ತುಂಬಿಸಿಕೊಂಡರಾಯಿತು.

ಈ 3500 ಕಿಲೋ 1200 ಮೀಟರ್ ಕೆಳಗಿಳಿಯುವಾಗ ಅದರ ಶಕ್ತಿಯೆಲ್ಲ ಎಲ್ಲಿಗಾದರೂ ಹೋಗಲೇಬೇಕಷ್ಟೆ. ಲೆಕ್ಕ ಹಾಕಿದರೆ, ತಣ್ಣನೆಯ ನೀರು ಸುಮಾರು 120 ಲೀಟರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ ಅದು. ಗಾಳಿಯ ತಡೆ, ಟಯರಿನ ತಿಕ್ಕಾಟ ಎಂದು ಸ್ವಲ್ಪ ಕಳೆಯಿರಿ. ಉಳಿದುದನ್ನೆಲ್ಲ ಬ್ರೇಕನ್ನೇ ಒತ್ತಿ ಒತ್ತಿ ಅರಗಿಸಲು ಹೋದರೆ ನಾಲ್ಕು ಚಕ್ರಗಳ ಬ್ರೇಕುಗಳು ಕೆಂಡದಂತಾಗುತ್ತವೆ. ಕಾದ ಬ್ರೇಕಿನ ಹಿಡಿತ ಸಡಿಲವಾಗುತ್ತದೆ. ಅದಕ್ಕಿಂತಲೂ ಕೆಟ್ಟದ್ದು ಬ್ರೇಕ್ ಎಣ್ಣೆಯ ಸಂಗತಿ. ಈ ಎಣ್ಣೆ ದಿನ ಕಳೆದಂತೆ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ಎಂಬ ಬಗೆಯ ಹೊಸ ಎಣ್ಣೆ ಕನಿಷ್ಠ 230 ಡಿಗ್ರಿಯವರೆಗೆ ಕುದಿಯದಿರಬೇಕೆಂದು ನಿಯಮ. ತೇವ ಹೀರಿದ ಮೇಲೆ ಆ ಗೆರೆ 155ಕ್ಕೆ ಇಳಿಯುತ್ತದೆ. ಎಣ್ಣೆ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆ. ಎಣ್ಣೆಯನ್ನು ಒತ್ತಿದರೆ ಒತ್ತಡ ಚಕ್ರಕ್ಕೆ ಮುಟ್ಟುತ್ತದೆ, ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆ ಅಷ್ಟೆ. ಪೆಡಲು ನೆಲಕ್ಕೆ ತಾಗಿದರೂ ಗಾಡಿ ನಿಲ್ಲದು. ಬಾಡಿಗೆಯವನ ಬಳಿ ಎಣ್ಣೆ ಯಾವಾಗ ಬದಲಾಯಿಸಿದಿರೆಂದು ಕೇಳಲು ಸಂಕೋಚ ಬೇಡ.

ಉಪಾಯವನ್ನು ನಮ್ಮ ಲಾರಿ ಡ್ರೈವರುಗಳನ್ನು ಕೇಳಿದರೂ ಹೇಳುತ್ತಾರೆ: ಯಾವ ಗೇರಿನಲ್ಲಿ ಹತ್ತುವೆಯೋ ಅದೇ ಗೇರಿನಲ್ಲಿ ಇಳಿ. ಕೆಳಗಿನ ಗೇರಿನಲ್ಲಿ ಚಕ್ರಗಳೇ ಇಂಜಿನನ್ನು ತಿರುಗಿಸಬೇಕಾಗುತ್ತದೆ. ಆ ಶ್ರಮದಲ್ಲಿ ವೇಗ ತಾನಾಗಿ ತಗ್ಗುತ್ತದೆ. ಗೇರನ್ನು ಇಳಿಜಾರು ಮೊದಲಾಗುವ ಮುಂಚೆಯೇ ಹಾಕತಕ್ಕದ್ದು. ಗೇರು ತಾನೇ ಬದಲಾಗುವ ಗಾಡಿಯಾದರೂ ಕೈಯಿಂದ ಕೆಳಗಿನ ಗೇರು ಹಿಡಿಸುವ ಏರ್ಪಾಡು ಸಾಮಾನ್ಯವಾಗಿ ಇರುತ್ತದೆ. ಬಾಡಿಗೆಗೆ ಪಡೆಯುವ ದಿನವೇ ಕೇಳಿ ಕಲಿಯಿರಿ. ಡೀಸೆಲ್ ಉಳಿಸುವ ಆಸೆಯಿಂದ ನ್ಯೂಟ್ರಲ್ಲಿನಲ್ಲಿ ಬಿಡುವುದಂತೂ ಪ್ರಾಣಕ್ಕೆ ಎರವು. ಬ್ರೇಕನ್ನು ಒಮ್ಮೆ ಗಟ್ಟಿಯಾಗಿ ಒತ್ತಿ, ವೇಗ ತಗ್ಗಿದೊಡನೆ ಬಿಟ್ಟು ಆರಲು ಬಿಡಬೇಕು. ಸುಟ್ಟ ವಾಸನೆ ಬಂದರೆ ಮಟ್ಟಸ ಜಾಗ ನೋಡಿ ನಿಲ್ಲಿಸಿ. ನೀರು ಎರಚಬೇಡಿ. ಕಾದ ಬ್ರೇಕು ಆರುತ್ತ ಕುಗ್ಗುವುದರಿಂದ ಕೈಬ್ರೇಕಿನ ಹಿಡಿತ ಸಡಿಲಬಹುದು. ಗಾಡಿಯನ್ನು ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ನಮ್ಮ ಕ್ಲೀನರ್ ಹುಡುಗರು ಮಾಡುವುದೂ ಅದನ್ನೇ.

ತಿರುವಿನಲ್ಲಿ ಇನ್ನೊಂದು ತೊಡಕು. ಹಿಂದಿನ ಚಕ್ರಗಳಾಚೆ ಚಾಚಿಕೊಂಡ ಗಾಡಿಯ ಬಾಲ, ಮುಂಭಾಗ ಒಂದು ಕಡೆ ತಿರುಗಿದಾಗ ಎದುರು ಕಡೆಗೆ ಬೀಸುತ್ತದೆ. ಹೊರಗೋಡೆಗೆ ತಾಗುವುದು ಅದೇ. ಆಸ್ಟ್ರಿಯಾದ ನೆರೆಯ ಸ್ವಿಟ್ಸರ್ಲೆಂಡಿಗೆ ದಾಟಿದರೆ ಪರ್ವತದ ಅಂಚೆರಸ್ತೆಗಳಲ್ಲಿ ಹಳದಿ ಅಂಚೆ ಬಸ್ಸಿಗೇ ಮೊದಲ ದಾರಿ. ರೊಸ್ಸಿನಿಯ ವಿಲಿಯಂ ಟೆಲ್ ಸಂಗೀತನಾಟಕದಿಂದ ಆಯ್ದ ಮೂರು ಸ್ವರ ಅದರ ಹಾರನ್ನು. ಸ್ವರ ಕಿವಿಗೆ ಬಿದ್ದರೆ ತಿರುವಿಗೆ ನುಗ್ಗದೆ, ಅಗಲವಿರುವಲ್ಲಿ ಸರಿದು ನಿಲ್ಲಬೇಕು.

ಗೃಹಿಣಿಯರಿಗೆ ಒಂದು ಮಾತು. ಹೋಖ್‌ಟೋರಿನ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಮುಕ್ಕಾಲು ಮಾತ್ರ; ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದು ಕಾಣೆ, ಕುಕ್ಕರು ಒಯ್ಯಿರಿ. ಗ್ಯಾಸಿನಲ್ಲೂ ಬ್ಯೂಟೇನ್ ಎಂಬುದು ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗಲು ನಿರಾಕರಿಸುತ್ತದೆ, ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗಿನವರೆಗೂ ನಡೆಯುತ್ತದೆ. ಚಳಿಯ ಪ್ರದೇಶಕ್ಕೆ ಎರಡನೆಯದನ್ನೇ ಕೇಳಿ ಪಡೆಯಬೇಕು.

ಗ್ರೋಸ್‌ಗ್ಲಾಕ್ನರ್ ರಸ್ತೆಗೆ ಸುಂಕವುಂಟು. ಹಿಮದಿಂದಾಗಿ ಸಾಮಾನ್ಯವಾಗಿ ಮೇ ಆರಂಭದಿಂದ ನವೆಂಬರ್ ಆರಂಭದವರೆಗೆ ಮಾತ್ರ ತೆರೆದಿರುತ್ತದೆ. ರಾತ್ರಿ ಅದನ್ನು ಮುಚ್ಚುತ್ತಾರೆ. ಆದುದರಿಂದ ಬೆಳಿಗ್ಗೆ ಬೇಗ ಹತ್ತಿ, ಬ್ರೇಕು ಆರಿಸಿಕೊಳ್ಳಲು ಎರಡು ಕಡೆಯಾದರೂ ನಿಲ್ಲುವಷ್ಟು ಹೊತ್ತು ಇಟ್ಟುಕೊಂಡು, ಬೆಳಕಿರುವಾಗಲೇ ಇಳಿಯಲು ಹೊರಡಿ.