1,40,150 ಬಾಟಲಿ ನೀರು

ಹಿಡಿಸುವುದು ಹತ್ತೇ ಮಿಲಿಲೀಟರ್. ಆಮ್ಲದಲ್ಲಿ ತೊಳೆದಿಟ್ಟ ಪುಟ್ಟ ಪ್ಲಾಸ್ಟಿಕ್ ಬಾಟಲಿಗೆ ಹಳ್ಳಿಯ ಕೈಪಂಪಿನ ನೀರು ತುಂಬಿ, ಒಂದು ಹನಿ ನೈಟ್ರಿಕ್ ಆಮ್ಲ ಬಿಟ್ಟು, ಮುಚ್ಚಳ ಬಿಗಿದರೆ ಒಂದು ಮಾದರಿ ಸಿದ್ಧ. ಯಾವ ಊರು, ಯಾರ ಮನೆಯ ಅಂಗಳ, ಕೊಳವೆ ಎಷ್ಟು ಆಳಕ್ಕೆ ಇಳಿದಿದೆ, ಎಷ್ಟು ಜನ ಈ ನೀರು ಕುಡಿಯುತ್ತಾರೆ ಎಂಬುದನ್ನೂ ಅಲ್ಲೇ ಬರೆದುಕೊಳ್ಳಬೇಕು. ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ಪರಿಸರ ಅಧ್ಯಯನ ವಿಭಾಗ 1988ರಿಂದ ಎರಡು ದಶಕ ಕಾಲ ಈ ಕೆಲಸವನ್ನು ಬಿಡದೆ ಮಾಡಿತು. 2009ರಲ್ಲಿ ಅದು ತನ್ನ ಇಪ್ಪತ್ತು ವರ್ಷಗಳ ವರದಿ ಪ್ರಕಟಿಸುವ ಹೊತ್ತಿಗೆ, ಪಶ್ಚಿಮ ಬಂಗಾಳದ ಆಗಿನ 19 ಜಿಲ್ಲೆಗಳಿಂದ ಬಂದು ಪರೀಕ್ಷೆಯಾದ ಮಾದರಿಗಳ ಸಂಖ್ಯೆ 1,40,150ಕ್ಕೆ ಮುಟ್ಟಿತ್ತು.

ಹುಡುಕುತ್ತಿದ್ದುದು ಆರ್ಸೆನಿಕ್. ಬಣ್ಣವಿಲ್ಲದ, ವಾಸನೆಯಿಲ್ಲದ, ರುಚಿಯಲ್ಲೂ ಸಿಗದ ವಿಷ.

ಜಾದವಪುರ ದಕ್ಷಿಣ ಕೋಲ್ಕತ್ತದ ಗಿಜಿಗುಡುವ ಬಡಾವಣೆ. ಬಂಗಾಳ ವಿಭಜನೆಯ ವಿರುದ್ಧ ಸ್ವದೇಶಿ ಚಳವಳಿ ಭುಗಿಲೆದ್ದಿದ್ದ 1906ರಲ್ಲಿ ಹುಟ್ಟಿದ ರಾಷ್ಟ್ರೀಯ ಶಿಕ್ಷಣ ಪರಿಷತ್ತೇ ಈ ವಿಶ್ವವಿದ್ಯಾಲಯದ ಬೇರು. ಈಗಿನ ರೂಪ ಬಂದದ್ದು 1955ರಲ್ಲಿ. ಎಂಜಿನಿಯರಿಂಗ್‌ಗೂ ಸಾಹಿತ್ಯದ ಅಧ್ಯಯನಕ್ಕೂ ಹೆಸರಾದ ಈ ಆವರಣದಿಂದಲೇ ದೇಶದ ಅತಿ ದೊಡ್ಡ ಪರಿಸರ ನಿಗಾ ಕಾರ್ಯಕ್ರಮಗಳಲ್ಲಿ ಒಂದು ನಡೆಯಿತು. ಅದನ್ನು ಕಟ್ಟಿ ಮುನ್ನಡೆಸಿದವರು ವಿಶ್ಲೇಷಣಾ ರಸಾಯನ ವಿಜ್ಞಾನಿ ದೀಪಂಕರ್ ಚಕ್ರವರ್ತಿ.

ಕಥೆ ಶುರುವಾಗುವುದು ಅವರಿಗಿಂತ ಐದು ವರ್ಷ ಮೊದಲು, ಒಬ್ಬ ಚರ್ಮವೈದ್ಯರಿಂದ. ಕೋಲ್ಕತ್ತದ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನಲ್ಲಿದ್ದ ಡಾ. ಕೆ.ಸಿ. ಸಾಹಾ ಅವರ ಬಳಿಗೆ 1983ರಲ್ಲಿ 24 ಪರಗಣ ಜಿಲ್ಲೆಯ ಹಳ್ಳಿಯಿಂದ ರೋಗಿಯೊಬ್ಬರು ಬಂದರು. ಮೈಮೇಲೆ ಮಳೆಹನಿ ಚಿಮುಕಿಸಿದಂತೆ ಕಪ್ಪು ಚುಕ್ಕೆ, ಅಂಗೈ ಅಂಗಾಲುಗಳಲ್ಲಿ ಗಟ್ಟಿ ಗಂಟು. ಊರಲ್ಲಿ ಕೆಲವರು ಇದನ್ನು ಕುಷ್ಠವೆಂದೇ ಬಗೆಯುತ್ತಿದ್ದರು. ಸಾಹಾ ಗುರುತಿಸಿದ್ದು ಬೇರೆಯದನ್ನೇ: ವರ್ಷಗಟ್ಟಲೆ ಮೈಯೊಳಗೆ ಸೇರಿದ ಆರ್ಸೆನಿಕ್‌ನ ಗುರುತು. ಅದು ಬಂದದ್ದು ಕುಡಿಯುವ ನೀರಿನಿಂದ.

ಆ ನೀರು ಸುರಕ್ಷಿತವೆಂದು ಎಲ್ಲರೂ ನಂಬಿದ್ದ ಕೊಳವೆಬಾವಿಯದು. ಬಂಗಾಳದ ಹಳ್ಳಿಗಳು ತಲೆಮಾರುಗಳಿಂದ ಪುಕುರ್ ಎನ್ನುವ ಮನೆಯಂಗಳದ ಕೊಳದ ನೀರನ್ನೇ ಬಳಸುತ್ತಿದ್ದವು. ಕಾಲರಾ, ವಾಂತಿಭೇದಿಗೆ ಮಕ್ಕಳು ಬಲಿಯಾಗುತ್ತಿದ್ದವು. ಅದರಿಂದ ಪಾರಾಗಲೆಂದೇ ಕೈಪಂಪುಗಳು ಬಂದವು. ಬೇಸಿಗೆಯ ಬೋರೊ ಭತ್ತದ ಬೇಸಾಯ ಹಬ್ಬಿದಂತೆ ಗದ್ದೆಗೂ ನೆಲದಡಿಯ ನೀರೇ ಹರಿಯಿತು. ಒಂದು ಕಾಯಿಲೆ ಹಿಂದೆ ಸರಿದ ಜಾಗಕ್ಕೆ ಇನ್ನೊಂದು ಸದ್ದಿಲ್ಲದೆ ಬಂದು ಕೂತಿತ್ತು.

ವಿಷ ಬಂದದ್ದೆಲ್ಲಿಂದ? ಯಾವ ಕಾರ್ಖಾನೆಯೂ ಸುರಿದದ್ದಲ್ಲ. ಹಿಮಾಲಯ ಸವೆದು ಗಂಗೆ ಹೊತ್ತು ತಂದ ಹೂಳಿನಲ್ಲಿ, ಕಬ್ಬಿಣದ ಆಕ್ಸೈಡ್ ಕಣಗಳಿಗೆ ಅಂಟಿಕೊಂಡು ಬಂದ ಆರ್ಸೆನಿಕ್ ಅದು. ಅದು ನೀರಿಗೆ ಹೇಗೆ ಇಳಿಯಿತೆಂಬುದರ ಬಗ್ಗೆ ಬಿರುಸಿನ ಚರ್ಚೆ ನಡೆದಿದೆ. ಅತಿಯಾಗಿ ನೀರೆತ್ತಿದ್ದರಿಂದ ಗಾಳಿ ನೆಲದಾಳಕ್ಕಿಳಿದು ಪೈರೈಟ್ ಖನಿಜ ಒಡೆಯಿತೆಂದು ಜಾದವಪುರದ ತಂಡ ಮೊದಮೊದಲು ವಾದಿಸಿತ್ತು. ಆಮ್ಲಜನಕವಿಲ್ಲದ ಪದರಗಳಲ್ಲಿ ಸಾವಯವ ವಸ್ತುವನ್ನು ತಿನ್ನುವ ಸೂಕ್ಷ್ಮಜೀವಿಗಳು ಕಬ್ಬಿಣದ ಆಕ್ಸೈಡನ್ನು ಕರಗಿಸುತ್ತವೆ, ಅದರೊಂದಿಗೆ ಆರ್ಸೆನಿಕ್ ಬಿಡುಗಡೆಯಾಗುತ್ತದೆ ಎಂಬ ವಿವರಣೆ 1998ರ ನಂತರ ಬಲಗೊಂಡಿತು. ಇಂದು ಹೆಚ್ಚಿನ ವಿಜ್ಞಾನಿಗಳು ಒಪ್ಪುವುದು ಅದನ್ನೇ. ಕಾರಣದ ಬಗೆಗಿನ ವಾದ ಬದಲಾದರೂ ಬಾಟಲಿಗಳ ಲೆಕ್ಕ ಬದಲಾಗಲಿಲ್ಲ. ದೀರ್ಘಕಾಲದ ನಿಗಾ ಎಂಬುದರ ಬೆಲೆ ಇಲ್ಲಿದೆ: ಸಿದ್ಧಾಂತ ಬಿದ್ದರೂ ಅಳತೆ ಉಳಿಯುತ್ತದೆ, ಮುಂದಿನವರು ಅದರ ಮೇಲೆಯೇ ಹೊಸ ವಾದ ಕಟ್ಟಬಹುದು.

ಪ್ರಯೋಗಾಲಯದ ವಿಧಾನ ಕೇಳಲು ಸರಳ. ನೀರಿನ ಮಾದರಿಗೆ ಆಮ್ಲ ಮತ್ತು ಸೋಡಿಯಂ ಬೋರೊಹೈಡ್ರೈಡ್ ಸೇರಿಸಿದರೆ ಆರ್ಸೆನಿಕ್ ಆರ್ಸೀನ್ ಎಂಬ ಅನಿಲವಾಗಿ ಹೊರಬರುತ್ತದೆ. ಕಾದ ಸ್ಫಟಿಕದ ಕೊಳವೆಯಲ್ಲಿ ಆ ಅನಿಲ ಪರಮಾಣುಗಳಾಗಿ ಒಡೆಯುತ್ತದೆ. ವಿಶೇಷ ದೀಪದ ಬೆಳಕನ್ನು ಅವು ಎಷ್ಟು ಹೀರಿಕೊಂಡವು ಎಂಬುದರಿಂದ ಪ್ರಮಾಣ ತಿಳಿಯುತ್ತದೆ. ಒಂದು ಲೀಟರಿನಲ್ಲಿ ಕೆಲವೇ ಮೈಕ್ರೊಗ್ರಾಂ, ಅಂದರೆ ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಪಾಲಿನಷ್ಟರ ಲೆಕ್ಕ. ಒಂದು ಮಾದರಿಗೆ ಇದನ್ನು ಮಾಡುವುದು ವಿದ್ಯಾರ್ಥಿಯ ಅಭ್ಯಾಸ. ಲಕ್ಷಾಂತರ ಮಾದರಿಗೆ, ಇಪ್ಪತ್ತು ವರ್ಷದ ಮೊದಲ ದಿನದ ಅಂಕಿಯನ್ನು ಕೊನೆಯ ದಿನದ ಅಂಕಿಯೊಂದಿಗೆ ಹೋಲಿಸಬಹುದಾದಷ್ಟು ನಿಖರವಾಗಿ ಮಾಡುವುದು ಬೇರೆಯೇ ಶಿಸ್ತು. ಸಂಶೋಧನಾ ವಿದ್ಯಾರ್ಥಿಗಳು ಪದವಿ ಪಡೆದು ಹೊರಡುತ್ತಾರೆ, ಹೊಸಬರು ಬರುತ್ತಾರೆ, ಯಂತ್ರ ಹಳತಾಗುತ್ತದೆ, ಅನುದಾನದ ಅವಧಿ ಮುಗಿಯುತ್ತದೆ. ಇಷ್ಟರ ನಡುವೆಯೂ ವಿಧಾನ ಕದಲದಂತೆ ಕಾಯುವುದು ಇಂಥ ಕಾರ್ಯಕ್ರಮದ ಮುಖ್ಯಸ್ಥರ ಮೊದಲ ಕರ್ತವ್ಯ.

ಚಕ್ರವರ್ತಿ ಅವರ ತಂಡ ನೀರಿಗೆ ನಿಲ್ಲಲಿಲ್ಲ. ಅದೇ ಮನೆಯವರ ಕೂದಲು, ಉಗುರು, ಮೂತ್ರದ ಮಾದರಿಗಳನ್ನೂ ಸಂಗ್ರಹಿಸಿತು. ರಸಾಯನಶಾಸ್ತ್ರಜ್ಞರ ಜತೆ ವೈದ್ಯರೂ ಹಳ್ಳಿಗೆ ಹೋದರು. ಸಾಹಾ ಅವರೇ ಈ ಸಮೀಕ್ಷೆಗಳ ಸಂಗಾತಿಯಾದರು. ಅಲ್ಲಿ ಕಂಡದ್ದು ಬರೀ ಕಾಯಿಲೆಯಲ್ಲ. ಮೈಮೇಲೆ ಗುರುತು ಬಿದ್ದ ಹೆಣ್ಣುಮಕ್ಕಳಿಗೆ ಮದುವೆ ಕೂಡಿಬರುತ್ತಿರಲಿಲ್ಲ, ಮದುವೆಯಾದವರನ್ನು ತವರಿಗೆ ಅಟ್ಟಿದ್ದೂ ಉಂಟು. ವರ್ಷಗಳು ಕಳೆದಂತೆ ಕೆಲವರಲ್ಲಿ ಚರ್ಮದ ಗಂಟು ಕ್ಯಾನ್ಸರಿಗೆ ತಿರುಗಿತು.

2009ರ ವರದಿ ತೆರೆದಿಟ್ಟ ಚಿತ್ರ ಹೀಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಲೀಟರಿಗೆ 10 ಮೈಕ್ರೊಗ್ರಾಂ. ಪರೀಕ್ಷಿಸಿದ ಮಾದರಿಗಳಲ್ಲಿ ಶೇ 48.1ರಷ್ಟು ಅದನ್ನು ಮೀರಿದ್ದವು. ವರದಿ ಭಾರತದ ಮಿತಿಯೆಂದು ಹಿಡಿದ 50 ಮೈಕ್ರೊಗ್ರಾಂ ದಾಟಿದವು ಶೇ 23.8. ಚರ್ಮದ ಮೇಲೆ ಗುರುತು ಮೂಡಿಸಬಲ್ಲ 300 ಮೈಕ್ರೊಗ್ರಾಂಗೂ ಹೆಚ್ಚಿದ್ದವು ಶೇ 3.3. ಮಾಲ್ದಾ, ಮುರ್ಶಿದಾಬಾದ್, ನದಿಯಾ, ಎರಡು 24 ಪರಗಣ, ಬರ್ಧಮಾನ್, ಹೌರಾ, ಹೂಗ್ಲಿ ಮತ್ತು ಕೋಲ್ಕತ್ತ, ಹೀಗೆ ಒಂಬತ್ತು ಜಿಲ್ಲೆಗಳು ತೀವ್ರ ಬಾಧಿತ ವಲಯಕ್ಕೆ ಸೇರಿದವು; ಹೆಚ್ಚಿನವು ಭಾಗೀರಥಿ ನದಿಯ ಪೂರ್ವದ ದಂಡೆಗೆ. ಅಪಾಯದ ಅಂಚಿನಲ್ಲಿದ್ದವರು 2.6 ಕೋಟಿ ಜನರೆಂದು ತಂಡ ಅಂದಾಜಿಸಿತು. 1,07,253 ಬಾವಿಗಳ ಆಳದ ವಿವರ ಜೋಡಿಸಿ ನೋಡಿದಾಗ, ಆಳ ಹೆಚ್ಚಿದಂತೆ ಆರ್ಸೆನಿಕ್ ಕಡಿಮೆಯಾಗುವುದು ಕಂಡಿತು. ಅಂಗಳದಲ್ಲಿ ನಿಂತು ಬಾವಿಯ ಆಳ ಬರೆದುಕೊಂಡ ಆ ಸಣ್ಣ ಕೆಲಸ ಹೀಗೆ ಒಂದು ರಾಜ್ಯದ ನೀರಿನ ಯೋಜನೆಗೆ ದಾರಿ ತೋರಿಸುವ ಮಾಹಿತಿಯಾಯಿತು.

ಮಾದರಿಗಳ ಜಾಡು ಹಿಡಿದು ಕಾರ್ಯಕ್ರಮ ಗಡಿಗಳನ್ನೂ ದಾಟಿತು. 1995ರ ಫೆಬ್ರುವರಿಯಲ್ಲಿ ಕೋಲ್ಕತ್ತದಲ್ಲಿ ನಡೆಸಿದ ಅಂತರರಾಷ್ಟ್ರೀಯ ಸಮ್ಮೇಳನ ಈ ಸಂಕಟವನ್ನು ಜಗತ್ತಿನ ಕಣ್ಣಿಗೆ ತಂದಿತು. ಢಾಕಾ ಕಮ್ಯುನಿಟಿ ಆಸ್ಪತ್ರೆಯ ಜತೆಗೂಡಿ ಬಾಂಗ್ಲಾದೇಶದ ಎಲ್ಲ 64 ಜಿಲ್ಲೆಗಳ 52,202 ಕೊಳವೆಬಾವಿಗಳ ನೀರು ಪರೀಕ್ಷೆಯಾಯಿತು, ಶೇ 42.1ರಷ್ಟು 10 ಮೈಕ್ರೊಗ್ರಾಂ ಮಿತಿ ಮೀರಿದ್ದವು. 2002ರಲ್ಲಿ ಬಿಹಾರದ ಭೋಜಪುರ ಜಿಲ್ಲೆಯ ಸೆಮರಿಯಾ ಓಝಾ ಪಟ್ಟಿ ಎಂಬ ಹಳ್ಳಿಯ 206 ಕೊಳವೆಬಾವಿಗಳನ್ನು ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು 50 ಮೈಕ್ರೊಗ್ರಾಂ ದಾಟಿದ್ದು ಕಂಡಿತು. ಮುಖಜ ಭೂಮಿಯ ತೊಂದರೆಯಷ್ಟೇ ಎಂದುಕೊಂಡಿದ್ದು ಗಂಗಾ ಬಯಲಿನ ನಡುಭಾಗಕ್ಕೂ ಚಾಚಿದೆ ಎಂಬುದು ಖಚಿತವಾಯಿತು.

ಜಾದವಪುರದ ಬಾಟಲಿಗಳು ಕನ್ನಡನಾಡಿಗೂ ಬಂದಿವೆ. ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾ, ಮಂಗಳೂರು ಶಿಲಾಪಟ್ಟಿ ಎಂದು ಭೂವಿಜ್ಞಾನಿಗಳು ಕರೆಯುವ ಹಳೆಯ ಚಿನ್ನದ ಗಣಿ ಪ್ರದೇಶದಲ್ಲಿದೆ. ಕರಾವಳಿಯ ಮಂಗಳೂರಿಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಗಂಗೆಯ ಹೂಳಿಲ್ಲ, ಗಟ್ಟಿ ಬಂಡೆಯ ನೆಲ. ಆದರೆ ಚಿನ್ನದ ಅದಿರಿನ ಜತೆಗೆ ಆರ್ಸೆನಿಕ್ ಇರುವ ಖನಿಜಗಳೂ ಇರುವುದು ಸಾಮಾನ್ಯ. ಚಕ್ರವರ್ತಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ಪರಿಸರದ 59 ಕೊಳವೆಬಾವಿ ಮಾದರಿಗಳಲ್ಲಿ ಶೇ 79ರಷ್ಟು 10 ಮೈಕ್ರೊಗ್ರಾಂ ಮೀರಿದ್ದವು. ಅತಿ ಹೆಚ್ಚು ಸಿಕ್ಕಿದ್ದು 303. ಮೇಲ್ಮಣ್ಣಿನ 12 ಮಾದರಿಗಳಲ್ಲಿ ಆರರಲ್ಲಿ ಆರ್ಸೆನಿಕ್ ಕಿಲೋಗೆ 2,000 ಮಿಲಿಗ್ರಾಂಗೂ ಹೆಚ್ಚಿತ್ತು. ಗಣಿಯ ತ್ಯಾಜ್ಯ ಇದಕ್ಕೆ ಕಾರಣವಿರಬಹುದೆಂದು ತಂಡ ಹೇಳಿತು. 171 ನಿವಾಸಿಗಳ ಕೂದಲು ಮತ್ತು ಉಗುರುಗಳೆಲ್ಲದರಲ್ಲೂ ಆರ್ಸೆನಿಕ್ ಅಂಶ ಹೆಚ್ಚಾಗಿಯೇ ಇತ್ತು. ತಪಾಸಣೆಗೆ ಒಳಗಾದ 181 ಜನರಲ್ಲಿ ಶೇ 58.6 ಮಂದಿಯ ಚರ್ಮದ ಮೇಲೆ ಗುರುತುಗಳಿದ್ದವು.

ಬಂಗಾಳದಲ್ಲಿ ಮೂವತ್ತು ವರ್ಷ ಮೊದಲು ಸಾಹಾ ಕಂಡ ಅದೇ ಗುರುತುಗಳು. ಅವುಗಳನ್ನು ನೋಡಿ ತಿಳಿದ ಕಣ್ಣು, ಅಳೆದು ಪಳಗಿದ ಕೈ ಎರಡೂ ಕೋಲ್ಕತ್ತದಲ್ಲಿ ಸಿದ್ಧವಿದ್ದುದರಿಂದ ಈ ತಾಂಡಾದ ಜನರ ಕಾಯಿಲೆಗೆ ವಿಜ್ಞಾನದ ದಾಖಲೆಯಲ್ಲಿ ಗಟ್ಟಿ ಜಾಗ ದೊರಕಿತು.

ನೀರಿನಿಂದ ಮುಂದೆ ತಂಡದ ಗಮನ ತಟ್ಟೆಯ ಕಡೆ ಹೊರಳಿತು. ಆರ್ಸೆನಿಕ್ ನೀರುಂಡ ಗದ್ದೆಯ ಅಕ್ಕಿಯಲ್ಲಿ, ತರಕಾರಿಯಲ್ಲಿ ಅದು ಎಷ್ಟಿದೆ? ಮುರ್ಶಿದಾಬಾದ್ ಜಿಲ್ಲೆಯ ಜಲಂಗಿ ಮತ್ತು ಡೋಮ್‌ಕಲ್ ಬ್ಲಾಕ್‌ಗಳ ಮನೆಮನೆಗಳ ಆಹಾರವನ್ನು ಅಳೆದರು. ಅಡುಗೆಯ ರೀತಿಯನ್ನೂ ಪರೀಕ್ಷೆಗೆ ಒಡ್ಡಿದರು. ಅಕ್ಕಿಯನ್ನು ನೀರು ತಿಳಿಯಾಗುವವರೆಗೆ ತೊಳೆದು, ಒಂದು ಪಾಲು ಅಕ್ಕಿಗೆ ಆರು ಪಾಲು ನೀರಿಟ್ಟು ಬೇಯಿಸಿ, ಗಂಜಿ ಬಸಿದು ಚೆಲ್ಲುವ ಹಳೆಯ ಪದ್ಧತಿಯಲ್ಲಿ ಅಕ್ಕಿಯ ಆರ್ಸೆನಿಕ್‌ನ ಶೇ 57ರವರೆಗೂ ಹೊರಹೋಗುತ್ತದೆಂದು 2006ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಷರತ್ತು ಒಂದೇ: ಬೇಯಿಸುವ ನೀರು ಶುದ್ಧವಿರಬೇಕು. ಕುಕ್ಕರಿನಲ್ಲಿ ನೀರನ್ನೆಲ್ಲ ಇಂಗಿಸಿದರೆ ಈ ಲಾಭವಿಲ್ಲ.

ಕಹಿ ಸತ್ಯ ಹೇಳುವುದೂ ಇಂಥ ಕಾರ್ಯಕ್ರಮದ ಪಾಲಿಗೆ ಬರುತ್ತದೆ. ದಕ್ಷಿಣ 24 ಪರಗಣದ ಬಾರುಯಿಪುರ್ ಬ್ಲಾಕ್‌ನಲ್ಲಿ 11 ತಯಾರಕರ ಶುದ್ಧೀಕರಣ ಘಟಕಗಳನ್ನು ನೆಟ್ಟಿದ್ದರು. ಎರಡು ವರ್ಷ ಮತ್ತೆ ಮತ್ತೆ ಹೋಗಿ ಸೋಸಿದ ನೀರನ್ನು ಅಳೆದ ಜಾದವಪುರದ ತಂಡ, ಅವಧಿಯುದ್ದಕ್ಕೂ 50 ಮೈಕ್ರೊಗ್ರಾಂ ಮಿತಿಯೊಳಗೆ ಉಳಿದವು ಎರಡೇ ಘಟಕಗಳೆಂದು 2005ರಲ್ಲಿ ಬರೆಯಿತು. ಉದ್ಘಾಟನೆಯ ದಿನ ಒಮ್ಮೆ ಅಳೆದು ಬಂದಿದ್ದರೆ ಈ ಸಂಗತಿ ಯಾರಿಗೂ ತಿಳಿಯುತ್ತಿರಲಿಲ್ಲ. ಮಳೆ, ನದಿ, ಕೊಳಗಳಿಗೆ ಕೊರತೆಯಿಲ್ಲದ ನಾಡಿದು, ಇಲ್ಲಿರುವುದು ನೀರಿನ ಅಭಾವವಲ್ಲ, ಇರುವ ನೀರನ್ನು ನಿಭಾಯಿಸುವ ಸವಾಲು ಎಂಬುದು ಚಕ್ರವರ್ತಿ ಅವರ ನಿಲುವಾಗಿತ್ತು. ಯಂತ್ರಕ್ಕಿಂತ ಮೊದಲು ಊರಿನವರ ಪಾಲುಗಾರಿಕೆ ಬೇಕೆಂದು ಅವರು ಒತ್ತಿ ಹೇಳುತ್ತಿದ್ದರು.

ಚಕ್ರವರ್ತಿ 2018ರಲ್ಲಿ ತೀರಿಕೊಂಡರು. ಒಬ್ಬರ ಹಟದಿಂದ ಬೆಳೆದ ಕೆಲಸ ಅವರೊಂದಿಗೇ ನಿಂತುಹೋಗುವುದು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಹೊಸದಲ್ಲ. ಜಾದವಪುರದಲ್ಲಿ ಹಾಗಾಗಲಿಲ್ಲ. ಅವರ ಪ್ರಯೋಗಾಲಯದಲ್ಲೇ ಪಳಗಿದ ತರಿತ್ ರಾಯ್‌ಚೌಧುರಿ ಅದೇ ವಿಭಾಗದ ಪ್ರಾಧ್ಯಾಪಕರಾಗಿ ಆಹಾರ ಸರಪಳಿಯ ಆರ್ಸೆನಿಕ್ ಅಧ್ಯಯನವನ್ನು ಮುಂದುವರಿಸಿದ್ದಾರೆ. ಇಂಥ ದೀರ್ಘಕಾಲದ ನಿಗಾಕ್ಕೆ ಕನ್ನಡಿಗರಿಗೆ ಹತ್ತಿರದ ಉದಾಹರಣೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು. ಅದರ ಪರಿಸರ ವಿಜ್ಞಾನ ಕೇಂದ್ರ 1980ರ ದಶಕದ ಕೊನೆಯಿಂದ ಮುದುಮಲೈ ಕಾಡಿನ 50 ಹೆಕ್ಟೇರ್ ತುಣುಕಿನಲ್ಲಿ ಪ್ರತಿ ಮರಕ್ಕೂ ಸಂಖ್ಯೆ ಕೊಟ್ಟು, ಯಾವುದು ಬೆಳೆಯಿತು, ಯಾವುದು ಬೆಂಕಿಗೋ ಆನೆಗೋ ಸಿಕ್ಕಿ ಸತ್ತಿತು ಎಂದು ಲೆಕ್ಕ ಇಡುತ್ತ ಬಂದಿದೆ.

ಸುರಪುರ, ಲಿಂಗಸುಗೂರು, ಹಟ್ಟಿ ಸೀಮೆಯ ಬಾವಿಗಳಿಗೂ ಇಂಥದೊಂದು ಲೆಕ್ಕ ಬೇಕು. ಕಿರದಳ್ಳಿ ತಾಂಡಾದ ಅಧ್ಯಯನವೇ ಅದನ್ನು ಕೇಳಿತ್ತು: ನೆಲದ ಸಹಜ ಖನಿಜದ ಪಾಲು ಎಷ್ಟು, ಗಣಿಯ ಪಾಲು ಎಷ್ಟು ಎಂಬುದನ್ನು ಬಿಡಿಸಲು ಇನ್ನಷ್ಟು ಅಧ್ಯಯನ ನಡೆಯಬೇಕೆಂದು. ಅದಕ್ಕೆ ಪ್ರತಿ ಬಾರಿ ಕೋಲ್ಕತ್ತದ ದಾರಿ ಕಾಯಬೇಕಿಲ್ಲ. ಕಲಬುರಗಿಯಲ್ಲಿ 1980ರಿಂದ ವಿಶ್ವವಿದ್ಯಾಲಯವಿದೆ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಮಣ್ಣು, ಬೆಳೆಗಳನ್ನು ಬಲ್ಲದು. ಅದೇ ಊರಿನ ವೈದ್ಯಕೀಯ ಕಾಲೇಜಿನಲ್ಲಿ ಚರ್ಮವೈದ್ಯರಿದ್ದಾರೆ. ಈ ಮೂವರೂ ಒಂದು ವಾಹನದಲ್ಲಿ ತಾಂಡಾಗಳಿಗೆ ಹೋಗಿ, ಪ್ರತಿ ಬಾವಿಯ ಫಲಿತಾಂಶವನ್ನು ಆ ಬಾವಿಯ ನೀರು ಕುಡಿಯುವವರಿಗೇ ಮೊದಲು ತಿಳಿಸಿ, ಮರುವರ್ಷ ಮತ್ತೆ ಅದೇ ಬಾವಿಗೆ ಹೋಗುವ ಏರ್ಪಾಡಿಗೆ ಬೇಕಿರುವುದು ಮೂರು ವರ್ಷದ ಯೋಜನೆಯಲ್ಲ, ಹತ್ತು ಹದಿನೈದು ವರ್ಷ ಮುರಿಯದ ಅನುದಾನ ಮತ್ತು ಅದರ ಹೊಣೆ ಹೊತ್ತು ನಿಲ್ಲುವ ಒಬ್ಬ ಪ್ರಾಧ್ಯಾಪಕರು.